ಎರಡೂವರೆ ಗುಂಟೆ

ಮಾರ್ಚ್ ತಿಂಗಳ ಎರಡನೇ ಶನಿವಾರ ನನ್ನ ಕೈಗೆ ಒಂದು ಬೀಗದ ಕೈ ಬಂತು. ಜೊತೆಗೆ ನಾಲ್ಕು ಪುಟದ ಕರಾರುಪತ್ರ. ಇಂಗ್ಲೆಂಡಿನ ನಡುಭಾಗದ ಈ ಊರಿಗೆ ಬಂದು ಹನ್ನೊಂದು ವರ್ಷವಾಗಿದೆ, ಆದರೆ ಮೂರು ವರ್ಷ ಸರತಿಯಲ್ಲಿ ಕಾದು ಪಡೆದದ್ದು ಇದೊಂದನ್ನೇ. ಇಲ್ಲಿನ ಸ್ಥಳೀಯ ಆಡಳಿತಗಳು ಊರಂಚಿನ ಜಾಗವನ್ನು ಸಣ್ಣ ಸಣ್ಣ ತುಂಡು ಮಾಡಿ, ತರಕಾರಿ ಬೆಳೆದುಕೊಳ್ಳಲು ನಿವಾಸಿಗಳಿಗೆ ವರ್ಷದ ಬಾಡಿಗೆಗೆ ಕೊಡುತ್ತವೆ. ಅದಕ್ಕೆ ಅಲಾಟ್‌ಮೆಂಟ್ ಎನ್ನುತ್ತಾರೆ. ಮನೆ ಒಂದು ಕಡೆ, ಹಿತ್ತಿಲು ಇನ್ನೊಂದು ಕಡೆ ಎಂದುಕೊಂಡರೆ ಸರಿಹೋಗುತ್ತದೆ.

ಬೇಲಿಯ ಗೇಟು ತೆಗೆದು ಒಳಗೆ ಹೋದೆ. ನನ್ನ ಪಾಲಿನ ಜಾಗವನ್ನು ಎರಡು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಒಣಗಿದ ಮುಳ್ಳುಬಳ್ಳಿ, ಕಳೆ ಬೆಳೆಯದಿರಲೆಂದು ಹಿಂದಿನವರು ಹಾಸಿಹೋದ ಹಳೆಯ ಕಾರ್ಪೆಟ್, ಅದರ ನೂಲನ್ನೇ ಸೀಳಿಕೊಂಡು ಮೇಲೆ ಬಂದ ಹುಲ್ಲು. ಇಲ್ಲಿನವರು ಕೌಚ್ ಗ್ರಾಸ್ ಎನ್ನುವ ಈ ಹುಲ್ಲು ನಮ್ಮ ಗರಿಕೆಯ ದಾಯಾದಿ. ಮಣ್ಣಿನೊಳಗೆ ಬಿಳಿಯ ಗೆಣ್ಣುಬೇರು ಬಿಟ್ಟುಕೊಂಡು ಹೋಗುತ್ತದೆ. ಒಂದು ಗೆಣ್ಣು ಉಳಿದರೆ ಸಾಕು, ಮತ್ತೆ ಚಿಗುರುತ್ತದೆ.

ಅಗೆಯಲು ಕೊಂಡುತಂದದ್ದು ಸ್ಪೇಡು. ನಮ್ಮ ಗುದ್ದಲಿಯನ್ನು ಎತ್ತಿ ಹೊಡೆದು ಮಣ್ಣನ್ನು ನಮ್ಮ ಕಡೆಗೆ ಎಳೆದುಕೊಳ್ಳುತ್ತೇವೆ. ಸ್ಪೇಡನ್ನು ನೆಟ್ಟಗೆ ಊರಿ, ಅದರ ಹೆಗಲ ಮೇಲೆ ಕಾಲಿಟ್ಟು ಒತ್ತಿ, ಹೆಂಟೆಯನ್ನು ಎತ್ತಿ ಮಗುಚಬೇಕು. ಗುದ್ದಲಿಗೆ ಬೇಕಾದದ್ದು ತೋಳಿನ ಬಲ, ಸ್ಪೇಡಿಗೆ ಮೈಭಾರ. ಇಲ್ಲಿಯದು ಕೆಂಪು ಜೇಡಿ. ಚಳಿಗಾಲದ ಮಳೆ ಕುಡಿದು ಹಲಸಿನ ಮೇಣದಂತೆ ಅಂಟುತ್ತಿತ್ತು. ಒಂದು ಗಂಟೆಯಲ್ಲಿ ನಾನು ಮುಗಿಸಿದ್ದು ಒಂದು ಚಾಪೆಯಷ್ಟು ಜಾಗ. ಎರೆಹುಳು ಹೆಕ್ಕಲು ಒಂದು ರಾಬಿನ್ ಹಕ್ಕಿ ಕಾಲಬುಡಕ್ಕೇ ಬಂದು ಕೂತಿತು. ನಮ್ಮೂರಿನಲ್ಲಿ ನೇಗಿಲ ಸಾಲಿನ ಹಿಂದೆ ಬೆಳ್ಳಕ್ಕಿಗಳು ಬರುತ್ತಿದ್ದವು. ಇಲ್ಲಿ ಇದೊಂದೇ ಹಕ್ಕಿ, ಆದರೆ ಕೆಲಸ ಅದೇ.

ಸಂಜೆ ಅಪ್ಪಯ್ಯನಿಗೆ ಫೋನ್ ಮಾಡಿದೆ. ನಮ್ಮದು ಸಾಗರ ತಾಲೂಕಿನ ಹಳ್ಳಿ. ಅಪ್ಪಯ್ಯನಿಗೆ ನನ್ನ ಉದ್ಯೋಗ ಏನೆಂದು ಇಂದಿಗೂ ಸರಿಯಾಗಿ ತಿಳಿದಿಲ್ಲ. ಆದರೆ ಮಣ್ಣಿನ ಸುದ್ದಿ ಎಂದ ಕೂಡಲೇ ದನಿ ಬದಲಾಯಿತು.

“ಜಾಗ ಎಷ್ಟು?”

“ಹತ್ತು ರಾಡ್ ಅಂತ ಬರೆದಿದ್ದಾರೆ, ಅಪ್ಪಯ್ಯ.”

“ರಾಡ್ ಗೀಡ್ ನನಗೆ ಗೊತ್ತಾಗೋದಿಲ್ಲ. ಗುಂಟೆ ಲೆಕ್ಕದಲ್ಲಿ ಹೇಳು, ತಮ್ಮಾ.”

ಆಗ ಹೇಳಲಾಗಲಿಲ್ಲ. ರಾತ್ರಿ ಕೂತು ಲೆಕ್ಕ ಹಾಕಿದೆ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ ಉದ್ದದ ಗಳು. ಅಷ್ಟು ಉದ್ದ, ಅಷ್ಟೇ ಅಗಲದ ಚೌಕವನ್ನೂ ಇಲ್ಲಿನವರು ರಾಡ್ ಎಂದೇ ಕರೆಯುತ್ತಾರೆ. ಅದರಲ್ಲಿ 30¼ ಚದರ ಗಜ. ಹತ್ತಕ್ಕೆ 302½. ನಮ್ಮ ಗುಂಟೆ 121 ಚದರ ಗಜ. ಭಾಗಿಸಿದೆ. ಎರಡೂವರೆ ಬಂತು. ಸುಮಾರು ಎರಡೂವರೆ ಅಲ್ಲ, ಚೂರೂ ಹೆಚ್ಚುಕಡಿಮೆಯಿಲ್ಲದ ಎರಡೂವರೆ ಗುಂಟೆ.

ಏಳು ಸಾವಿರ ಕಿಲೋಮೀಟರಿಗೂ ಆಚೆಯ ಎರಡು ಊರಿನ ಅಳತೆಗಳು ಹೀಗೆ ಒಂದರೊಳಗೊಂದು ಕೂತಿದ್ದು ಆಕಸ್ಮಿಕವಿರಲಾರದು ಎನಿಸಿತು. ಈ ಬರಹ ಶುರುವಾದದ್ದು ಆ ಲೆಕ್ಕದಿಂದ.

*

1620ರಲ್ಲಿ ಎಡ್ಮಂಡ್ ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞ ಭೂಮಿ ಅಳೆಯುವ ಸರಪಳಿಯೊಂದನ್ನು ವಿವರಿಸಿದ. ಅದರ ಉದ್ದ 66 ಅಡಿ, ಅಂದರೆ ನಾಲ್ಕು ರಾಡ್. ನೂರು ಕೊಂಡಿ. ಹತ್ತು ಚದರ ಸರಪಳಿಗೆ ಒಂದು ಎಕರೆ. ರೈತರ ಹಳೆಯ ಗಳುವಿನ ಲೆಕ್ಕವನ್ನೂ ಹತ್ತರ ಲೆಕ್ಕವನ್ನೂ ಒಂದೇ ಸರಪಳಿಯಲ್ಲಿ ಪೋಣಿಸಿದ್ದರಿಂದ ಅದು ಸರ್ವೆಯವರ ಹೆಗಲೇರಿ ಬ್ರಿಟಿಷರು ಹೋದಲ್ಲೆಲ್ಲ ಹೋಯಿತು.

ಬೊಂಬಾಯಿ ಪ್ರಾಂತ್ಯದ ಕಂದಾಯ ಸರ್ವೆಯವರು ಬಳಸಿದ್ದು ಇದರ ಅರ್ಧ, 33 ಅಡಿಯ ಸರಪಳಿ. ಗುಂಟೆ ಎಂಬ ಮಾತು ಮೊದಲೇ ಇತ್ತು. ಅದನ್ನು ಅವರು 33 ಅಡಿ ಉದ್ದ, 33 ಅಡಿ ಅಗಲದ ಚೌಕಕ್ಕೆ ಕಟ್ಟಿಹಾಕಿದರು. ಹದಿನಾರು ಆಣೆಗೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ, 1863ರಲ್ಲಿ, ಇದೇ ಪದ್ಧತಿಯ ಸರ್ವೆ ಅಲ್ಲೂ ಶುರುವಾಯಿತು. ನಮ್ಮ ಪಹಣಿಯಲ್ಲಿ ಇವತ್ತಿಗೂ ಕಾಣುವ ‘ಎಕರೆ-ಗುಂಟೆ-ಆಣೆ’ಯ ಲೆಕ್ಕ ಆ ಸರಪಳಿಯ ನೆನಪು. 33 ಅಡಿ ಎಂದರೆ ಎರಡು ರಾಡ್. ಹಾಗಾಗಿ ಒಂದು ಗುಂಟೆಗೆ ಸರಿಯಾಗಿ ನಾಲ್ಕು ಚದರ ರಾಡ್, ಹತ್ತು ರಾಡಿಗೆ ಎರಡೂವರೆ ಗುಂಟೆ.

ನನ್ನ ಅಜ್ಜನ ಗದ್ದೆಯನ್ನೂ ಈ ತರಕಾರಿ ತುಂಡನ್ನೂ ಅಳೆದದ್ದು ಒಂದೇ ವಂಶದ ಸರಪಳಿ. ಅಪ್ಪಯ್ಯನಿಗೆ ಹೇಳಿದೆ. ಅವರು ನಕ್ಕರು. “ಎರಡೂವರೆ ಗುಂಟೆ ಅಂದ್ರೆ ನಮ್ಮಲ್ಲಿ ಅಗೆ ಹಾಕೋ ಮಡಿ. ಅದಕ್ಕೆ ಮೂರು ವರ್ಷ ಕಾದೆಯಾ?” ಎಂದರು.

ಅವರ ನಗುವಿನಲ್ಲೊಂದು ಪ್ರಶ್ನೆಯಿತ್ತು. ಎರಡೂವರೆ ಗುಂಟೆ ಏಕೆ? ಐದೇಕಲ್ಲ? ಒಂದು ಎಕರೆ ಏಕಲ್ಲ? ಎಷ್ಟು ಕೊಡಬೇಕೆಂದು ಇಲ್ಲಿ ಯಾರು, ಯಾವಾಗ, ಏನೆಂದುಕೊಂಡು ತೀರ್ಮಾನಿಸಿದರು?

*

ಅಗೆಯುತ್ತಾ ಹೋದಂತೆ ಮಣ್ಣಿನಿಂದ ಏನೇನೋ ಎದ್ದು ಬಂತು. ನೀಲಿ ಚಿತ್ತಾರದ ಪಿಂಗಾಣಿ ಚೂರು, ತುಕ್ಕು ಹಿಡಿದ ಕುದುರೆಲಾಳದ ಅರ್ಧ, ಬೆರಳುದ್ದದ ಬಿಳಿ ಕೊಳವೆಗಳು. ಕೊಳವೆಯೊಂದನ್ನು ಪಕ್ಕದ ಪ್ಲಾಟಿನ ಹಿರಿಯರಿಗೆ ತೋರಿಸಿದೆ. ಅದು ಮಣ್ಣಿನ ಹೊಗೆಪೈಪಿನ ತುಂಡು ಎಂದರು. ಹಿಂದೆ ಊರಿನ ಕಸವನ್ನೂ ಕಕ್ಕಸಿನ ಗೊಬ್ಬರವನ್ನೂ ಗಾಡಿಯಲ್ಲಿ ತಂದು ಹೊಲಕ್ಕೆ ಚೆಲ್ಲುತ್ತಿದ್ದರು. ಒಡೆದ ತಟ್ಟೆ, ಮುರಿದ ಪೈಪು ಎಲ್ಲ ಅದರ ಜೊತೆ ಬರುತ್ತಿದ್ದವು. ನಮ್ಮ ತಿಪ್ಪೆ ಗೊಬ್ಬರದಲ್ಲಿ ಬಳೆಚೂರು ಬಂದಹಾಗೆ.

ಈ ದೇಶದಲ್ಲೂ ಒಂದು ಕಾಲಕ್ಕೆ ಗೋಮಾಳದಂಥ ನೆಲವಿತ್ತು. ಕಾಮನ್ ಎನ್ನುತ್ತಿದ್ದರು. ಒಡೆತನ ಜಮೀನ್ದಾರನದಾದರೂ ಅಲ್ಲಿ ಹಸು ಮೇಯಿಸುವ, ಸೌದೆ ಆಯುವ, ಉರುವಲಿನ ಹೆಂಟೆ ಕಡಿಯುವ ಹಕ್ಕು ಹಳ್ಳಿಯವರಿಗಿತ್ತು. ಈ ನೆಲಕ್ಕೆ, ಊರಿನ ಬಯಲು ಹೊಲಗಳಿಗೆ ಬೇಲಿ ಹಾಕಿ ಖಾಸಗಿ ಸ್ವತ್ತು ಮಾಡಿದ ಕಥೆ ಉದ್ದವಾದದ್ದು. 1604ರಿಂದ 1914ರವರೆಗೆ ಪಾರ್ಲಿಮೆಂಟು ಇದಕ್ಕೆಂದೇ 5,200ಕ್ಕೂ ಹೆಚ್ಚು ಕಾಯಿದೆ ಮಾಡಿತು. ಬೇಲಿಯೊಳಗೆ ಹೋದದ್ದು ಸುಮಾರು 68 ಲಕ್ಷ ಎಕರೆ, ಇಂಗ್ಲೆಂಡಿನ ನೆಲದ ಸುಮಾರು ಐದರಲ್ಲೊಂದು ಪಾಲು.

ಈ ಬೇಲಿಯ ಎದುರು ಗುದ್ದಲಿ ಹಿಡಿದು ನಿಂತವರಲ್ಲಿ ಹೆಸರಾದವರು ಜೆರಾರ್ಡ್ ವಿನ್‌ಸ್ಟಾನ್ಲಿ ಮತ್ತು ಅವನ ಜೊತೆಗಾರರು. ವಿನ್‌ಸ್ಟಾನ್ಲಿ ಬಟ್ಟೆ ವ್ಯಾಪಾರದಲ್ಲಿ ದಿವಾಳಿಯೆದ್ದವನು. 1649ರ ಜನವರಿಯಲ್ಲಿ ಒಂದನೆಯ ಚಾರ್ಲ್ಸ್ ದೊರೆಯ ತಲೆ ಕಡಿಯಲಾಯಿತು. ದೊರೆಯೇ ಹೋದಮೇಲೆ ದೊರೆಯ ಹೆಸರಿನಲ್ಲಿ ನೆಲ ಹಿಡಿದವರ ಹಕ್ಕು ಎಲ್ಲಿ ಉಳಿಯಿತು ಎಂಬುದು ಅವನ ವಾದ. ಅದೇ ವಸಂತದಲ್ಲಿ, ಏಪ್ರಿಲ್ 1ರ ಭಾನುವಾರ, ಒಂದಷ್ಟು ಬಡವರು ಸರ್ರಿ ಸೀಮೆಯ ಸೇಂಟ್ ಜಾರ್ಜ್ ಗುಡ್ಡದ ಪಾಳುನೆಲಕ್ಕೆ ಹೋಗಿ ಅಗೆಯತೊಡಗಿದರು. ಕ್ಯಾರೆಟ್, ಪಾರ್ಸ್‌ನಿಪ್, ಬೀನ್ಸ್ ಹಾಕಿದರು. ಜನ ಅವರನ್ನು ಡಿಗ್ಗರ್ಸ್, ಅಗೆಯುವವರು, ಎಂದರು. ಸೇನಾಧಿಪತಿ ಫೇರ್‌ಫ್ಯಾಕ್ಸ್ ಕರೆಸಿ ವಿಚಾರಿಸಿದಾಗ ಅವರ ಮುಖಂಡರು ತಲೆಯ ಟೊಪ್ಪಿಗೆ ತೆಗೆಯಲಿಲ್ಲ. ಅವನೂ ನಮ್ಮಂತೆ ಮನುಷ್ಯನೇ ಎಂದು ಕಾರಣ ಕೊಟ್ಟರು.

ನೆರೆಯ ಭೂಮಾಲೀಕರಿಗೆ ಟೊಪ್ಪಿಗಿಂತ ಕ್ಯಾರೆಟ್ ಹೆಚ್ಚು ದಿಗಿಲು ಹುಟ್ಟಿಸಿತು. ಬೆಳೆ ತುಳಿಸಿದರು, ಹೊಡೆಸಿದರು, ಅತಿಕ್ರಮದ ದಾವೆ ಹೂಡಿದರು. ಆಗಸ್ಟಿನಲ್ಲಿ ಡಿಗ್ಗರ್ಸ್ ಹತ್ತಿರದ ಕಾಬಮ್‌ಗೆ ಹೋದರು. 1650ರ ಏಪ್ರಿಲ್ ಹೊತ್ತಿಗೆ ಅಲ್ಲಿನ ಗುಡಿಸಲಿಗೂ ಬೆಂಕಿ ಬಿತ್ತು. ಒಂದು ವಸಂತದಿಂದ ಇನ್ನೊಂದು ವಸಂತ, ಅಷ್ಟೇ ಅದರ ಆಯುಸ್ಸು. ಸೇಂಟ್ ಜಾರ್ಜ್ ಗುಡ್ಡ ಇವತ್ತು ಸಿರಿವಂತರ ಖಾಸಗಿ ಬಡಾವಣೆ. ಗಾಲ್ಫ್ ಮೈದಾನವಿದೆ, ಕಾವಲಿನ ಗೇಟು ಇದೆ.

ನನ್ನ ಕೈಗೆ ಬಂದ ಅಲಾಟ್‌ಮೆಂಟು ಡಿಗ್ಗರ್ಸ್ ಗೆದ್ದು ಕೊಟ್ಟದ್ದೇ ಎಂದು ನಾನು ಮೊದಲು ಅಂದುಕೊಂಡಿದ್ದೆ. ಓದುತ್ತಾ ಹೋದಾಗ ಗೊತ್ತಾಯಿತು, ಹಾಗಲ್ಲ. ಅವರು ಸೋತು ಒಂದೂವರೆ ಶತಮಾನವಾದ ಮೇಲೆ, ಅವರನ್ನು ಓಡಿಸಿದಂಥವರ ವಂಶಸ್ಥರೇ ಯೋಚಿಸಿ, ಅಳೆದು, ಕೊಟ್ಟದ್ದು ಇದು.

*

1795ರಲ್ಲಿ ಇಂಗ್ಲೆಂಡಿನಲ್ಲಿ ಬೆಳೆ ಕೆಟ್ಟು ಬ್ರೆಡ್ಡಿನ ಬೆಲೆ ಏರಿತು. ನೆಲ ಕಳೆದುಕೊಂಡ ಕೂಲಿಯವರನ್ನು ಸಾಕುವ ಹೊಣೆ ಆಯಾ ಪ್ಯಾರಿಷ್‌ನದು. ಅದಕ್ಕೆಂದು ಭೂಮಾಲೀಕರೂ ರೈತರೂ ಕಟ್ಟುವ ತೆರಿಗೆ ಹೆಚ್ಚುತ್ತಾ ಹೋಯಿತು. ಆಗ ಕೆಲವರಿಗೆ ಹೊಳೆಯಿತು: ಕೂಲಿಯವನಿಗೆ ಒಂದು ತುಂಡು ನೆಲ ಕೊಟ್ಟರೆ ಆಲೂಗಡ್ಡೆ ಬೆಳೆದುಕೊಂಡಾನು, ತೆರಿಗೆ ಉಳಿದೀತು. ಒಂದು ಕಾಲಕ್ಕೆ ಬೇಲಿ ಹಾಕುವುದನ್ನು ಹಾಡಿ ಹೊಗಳಿದ್ದ ಕೃಷಿ ಬರಹಗಾರ ಆರ್ಥರ್ ಯಂಗ್ 1801ರಲ್ಲಿ ಪಾಳುನೆಲವನ್ನು ಬಡವರಿಗೆ ಹಂಚಬೇಕೆಂದು ಬರೆದ. 1819ರಲ್ಲಿ ಪ್ಯಾರಿಷ್‌ಗಳು ಇಪ್ಪತ್ತು ಎಕರೆವರೆಗೆ ನೆಲ ಪಡೆದು ಬಡವರಿಗೆ ಬಾಡಿಗೆಗೆ ಕೊಡಬಹುದೆಂಬ ಕಾಯಿದೆ ಬಂತು.

ಹೆಚ್ಚಿನ ಕಡೆ ಏನೂ ಆಗಲಿಲ್ಲ. ಆದದ್ದು 1830ರ ನಂತರ. ಆ ವರ್ಷ ಕೆಂಟ್ ಸೀಮೆಯಲ್ಲಿ ಶುರುವಾಗಿ ದಕ್ಷಿಣ ಇಂಗ್ಲೆಂಡಿನ ಉದ್ದಕ್ಕೂ ಕೂಲಿಯವರು ಒಕ್ಕಣೆ ಯಂತ್ರಗಳನ್ನು ಒಡೆದರು, ಬಣವೆಗಳಿಗೆ ಬೆಂಕಿಯಿಟ್ಟರು. ಕ್ಯಾಪ್ಟನ್ ಸ್ವಿಂಗ್ ಎಂಬ ಕಲ್ಪಿತ ನಾಯಕನ ಹೆಸರಿನಲ್ಲಿ ಬೆದರಿಕೆ ಪತ್ರಗಳು ಹೋದವು. ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ಐನೂರರ ಹತ್ತಿರ ಜನರನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. ಅದಾದ ಮೇಲೆ ಅಲಾಟ್‌ಮೆಂಟುಗಳು ಊರೂರಿಗೆ ಹಬ್ಬಿದವು. ಬಣವೆಯ ಬೆಂಕಿ ಮಾಡಿದ ಕೆಲಸವನ್ನು ಮೂರು ದಶಕದ ಬುದ್ಧಿಮಾತು ಮಾಡಿರಲಿಲ್ಲ.

ಹಾಗೆ ಕೊಡುವಾಗ ಎದ್ದ ಪ್ರಶ್ನೆಯೇ ನನ್ನದು: ಎಷ್ಟು? ರೈತರು, ಅಂದರೆ ದೊಡ್ಡ ಹಿಡುವಳಿಯ ಒಕ್ಕಲಿನವರು, ಗಟ್ಟಿಯಾಗಿ ವಿರೋಧಿಸಿದರು. ಕೂಲಿಯವನು ತನ್ನ ತುಂಡಿಗೆಂದು ಮೈಯ ಶಕ್ತಿ ಉಳಿಸಿಕೊಂಡು ನಮ್ಮಲ್ಲಿ ಸೋಮಾರಿಯಾಗುತ್ತಾನೆ, ಬಿತ್ತನೆಗೆ ಕರೆದಾಗ ಬರುವುದಿಲ್ಲ, ಕೂಲಿ ಚೌಕಾಸಿ ಮಾಡುತ್ತಾನೆ ಎಂದು ಅವರ ಭಯ. ಪರವಾಗಿದ್ದವರು ಸಮಾಧಾನ ಹೇಳಿದ ರೀತಿ ನೋಡಿ. ನಾವು ಕೊಡುವುದು ಅವನು ಸಂಜೆಯ ಬಿಡುವಿನಲ್ಲಿ ಹೆಂಡತಿ ಮಕ್ಕಳೊಡನೆ ಅಗೆಯುವಷ್ಟು ಮಾತ್ರ. ಹೊಟ್ಟೆಗೆ ಆಸರೆಯಾಗುತ್ತದೆ, ಆದರೆ ನಿಮ್ಮ ಹೊಲಕ್ಕೆ ಬರದೆ ಬದುಕಲು ಸಾಲುವುದಿಲ್ಲ. ಕಾಲು ಎಕರೆ, ಅಂದರೆ ನಮ್ಮ ಹತ್ತು ಗುಂಟೆ, ಮೇಲಿನ ಮಿತಿಯಾಯಿತು. 1845ರ ಬೇಲಿ ಕಾಯಿದೆಯಲ್ಲೂ ಬಡವರ ತುಂಡಿಗೆ ಅದೇ ಮಿತಿ. ಮುಂದೆ ಪಟ್ಟಣಗಳಲ್ಲಿ ಅದರ ಕಾಲುಭಾಗ, ಹತ್ತು ರಾಡ್, ರೂಢಿಗೆ ಬಂತು.

ಕರಾರುಗಳೂ ಹಾಗೇ ಇದ್ದವು. ಎಷ್ಟೋ ಕಡೆ ನೇಗಿಲು ಹೂಡುವಂತಿಲ್ಲ, ಸ್ಪೇಡಿನಿಂದಲೇ ಅಗೆಯಬೇಕು. ಭಾನುವಾರ ಕೆಲಸ ಮಾಡುವಂತಿಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದರೆ ತುಂಡು ಹೋಯಿತು. ಡಿಗ್ಗರ್ಸ್ ಅಗೆಯಲು ಶುರುಮಾಡಿದ್ದು ಭಾನುವಾರ ಎಂಬುದನ್ನು ಇಲ್ಲಿ ನೆನೆಯಬಹುದು. ಎಕರೆ ಲೆಕ್ಕದಲ್ಲಿ ನೋಡಿದರೆ ಪಕ್ಕದ ರೈತ ಕೊಡುವುದಕ್ಕಿಂತ ಈ ತುಂಡಿನವನು ಕೊಡುವ ಬಾಡಿಗೆ ಅನೇಕ ಕಡೆ ಹೆಚ್ಚಿತ್ತು. ಹಾಗಿದ್ದೂ ಜನ ಮುಗಿಬಿದ್ದರು, ಬೆಳೆದರು. ಹಗಲೆಲ್ಲ ಇನ್ನೊಬ್ಬರ ಹೊಲದಲ್ಲಿ ದುಡಿದು, ಬೆಳದಿಂಗಳಲ್ಲಿ ತಮ್ಮ ತುಂಡು ಅಗೆದರು.

ನನ್ನ ನಾಲ್ಕು ಪುಟದ ಕರಾರಿನಲ್ಲಿ ಚರ್ಚಿನ ಮಾತಿಲ್ಲ. ಆದರೆ ಬೆಳೆದದ್ದನ್ನು ವ್ಯಾಪಾರ ಮಾಡಬಾರದು, ತುಂಡನ್ನು ಇನ್ನೊಬ್ಬರಿಗೆ ಕೊಡಬಾರದು, ಪಾಳು ಬಿಟ್ಟರೆ ನೋಟಿಸು. ಗೇಣಿದಾರನ ಜಾಗದಲ್ಲಿ ನನ್ನ ಸಹಿ.

*

ಆ ಪದ ಬರೆಯುವಾಗ ಕೈ ತಡೆಯುತ್ತದೆ. ನನ್ನ ಅಜ್ಜ ಗೇಣಿದಾರ.

ಸಾಗರದ ಕಡೆಯವರಿಗೆ ಕಾಗೋಡಿನ ಕಥೆ ಹೇಳಬೇಕಾಗಿಲ್ಲ. ಆದರೂ ಅದು ಶುರುವಾದದ್ದು ಒಂದು ಅಳತೆಯಿಂದ ಎಂಬುದನ್ನು ಹೊಸ ಓದುಗರಿಗಾಗಿ ಹೇಳುತ್ತೇನೆ. ಗದ್ದೆ ಗೇಯುವ ಒಕ್ಕಲುಗಳು ಒಡೆಯರಿಗೆ ಭತ್ತದ ಗೇಣಿ ಅಳೆಯುತ್ತಿದ್ದದ್ದು ಕೊಳಗದಲ್ಲಿ. ಮೂರು ಸೇರಿನ ಕೊಳಗದಲ್ಲಿ ಅಳೆಯುತ್ತೇವೆ ಎಂದು ಒಕ್ಕಲುಗಳು ಕೇಳಿದರು. ಗೇಣಿ ತೆಗೆದುಕೊಳ್ಳುವ ಕೊಳಗ ಅದಕ್ಕಿಂತ ದೊಡ್ಡದಿತ್ತು. ಪಾತ್ರೆಯ ಜಗಳ ನೆಲದ ಜಗಳವಾಯಿತು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತಸಂಘದ ಬೆನ್ನಿಗೆ ಸಮಾಜವಾದಿಗಳು ನಿಂತರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಒಕ್ಕಲುಗಳು ನೇಗಿಲು ಹೊತ್ತು ಗದ್ದೆಗೆ ಇಳಿದು ಬಂಧನಕ್ಕೊಳಗಾದರು. ಜೂನಿನಲ್ಲಿ ರಾಮಮನೋಹರ ಲೋಹಿಯಾ ಬಂದರು, ಸಾಗರದಲ್ಲಿ ಅವರನ್ನೂ ಬಂಧಿಸಿದರು.

ನಮ್ಮ ಅಜ್ಜ ಜೈಲಿಗೆ ಹೋದವರಲ್ಲ. ಅವರದು ಬೇರೆ ಹಳ್ಳಿ, ಮನೆಯಲ್ಲಿ ಐದು ಸಣ್ಣ ಮಕ್ಕಳು. ಆದರೆ ಕೊಳಗದ ಮಾತು ಅವರಿಗೂ ಗೊತ್ತಿತ್ತು. ಭತ್ತ ಅಳೆಯುವಾಗ ಒಡೆಯರ ಕಡೆಯವನು ಕೊಳಗವನ್ನು ಕುಲುಕಿ ಮತ್ತೆ ತುಂಬುತ್ತಿದ್ದ, ಬಾಯಿಮೇಲೆ ಗೋಪುರ ಬರುವಷ್ಟು. “ನಾವು ನೋಡ್ತಾ ನಿಲ್ತಿದ್ವಿ. ಮಾತಾಡಿದ್ರೆ ಮುಂದಿನ ವರ್ಷ ಗದ್ದೆ ಇಲ್ಲ” ಎನ್ನುತ್ತಿದ್ದರು.

1974ರ ಮಾರ್ಚ್ 1ರಿಂದ ಕರ್ನಾಟಕದ ಭೂಸುಧಾರಣೆ ಕಾಯಿದೆಯ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸು ಆಗ ಮುಖ್ಯಮಂತ್ರಿ. ಗೇಣಿಯ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿ, ಗೇಯುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಿದರೆ ಭೂನ್ಯಾಯಮಂಡಳಿ ವಿಚಾರಿಸಿ ಅವನ ಹೆಸರಿಗೆ ಮಾಡಿಕೊಡುವ ವ್ಯವಸ್ಥೆ. ಅಜ್ಜನಿಗೆ ಓದು ಬರದು. ಶಾಲೆಯ ಮೇಷ್ಟ್ರು ನಮೂನೆ ತುಂಬಿದರು, ಅಜ್ಜ ಹೆಬ್ಬೆಟ್ಟು ಒತ್ತಿದರು. ನಾಲ್ಕು ವರ್ಷ ಓಡಾಡಿದ ಮೇಲೆ ಆದೇಶ ಬಂತು: 1 ಎಕರೆ 10 ಗುಂಟೆ. ಇಲ್ಲಿನ ಇಪ್ಪತ್ತು ಅಲಾಟ್‌ಮೆಂಟಿನಷ್ಟು. ಕೊಟ್ಟವರ ಅನುಕೂಲಕ್ಕೆ ಅಳೆದು ಕತ್ತರಿಸಿದ್ದಲ್ಲ, ತಾನು ಎಷ್ಟು ಗೇಯುತ್ತಿದ್ದನೋ ಅಷ್ಟು. ಈ ವ್ಯತ್ಯಾಸ ನನಗೆ ಅರ್ಥವಾದದ್ದು ಇಲ್ಲಿ ಅಗೆಯತೊಡಗಿದ ಮೇಲೆ.

*

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಕೂಲಿಯವನಿಗೆ ಓಟು ಬಂತು. ಆಗ ಅಳತೆಯ ಮಾತು ಪಾರ್ಲಿಮೆಂಟಿನಲ್ಲೇ ಕೇಳಿಸಿತು. ಜೆಸ್ಸಿ ಕಾಲಿಂಗ್ಸ್ ಎಂಬಾತನ ಹೆಸರಿನ ಜೊತೆ ಬೆಸೆದುಕೊಂಡ ಘೋಷಣೆ ‘ಮೂರು ಎಕರೆ, ಒಂದು ಹಸು’. 1886ರ ಜನವರಿಯಲ್ಲಿ ಅವನು ತಂದ ತಿದ್ದುಪಡಿಯಿಂದ ಸಾಲ್ಸ್‌ಬರಿಯ ಸರ್ಕಾರವೇ ಬಿತ್ತು. ಮೂರು ಎಕರೆ ಬರಲಿಲ್ಲ. ಬಂದದ್ದು 1887ರ ಅಲಾಟ್‌ಮೆಂಟ್ ಕಾಯಿದೆ, ಆಮೇಲೆ 1908ರ ಕಾಯಿದೆ. ಜನ ಕೇಳಿದರೆ ಸ್ಥಳೀಯ ಆಡಳಿತ ತುಂಡು ನೆಲ ಒದಗಿಸಲೇಬೇಕು ಎಂದಾಯಿತು. ದಾನವಾಗಿದ್ದದ್ದು ಹಕ್ಕಿನ ಹತ್ತಿರಕ್ಕೆ ಬಂತು. ಅಳತೆ ಮಾತ್ರ ಹಳೆಯದೇ ಉಳಿಯಿತು.

ಯುದ್ಧಗಳು ಬಂದಾಗ ಈ ಸಣ್ಣ ತುಂಡುಗಳು ದೇಶದ ಹೊಟ್ಟೆಗೆ ಬೇಕಾದವು. ಎರಡನೇ ಮಹಾಯುದ್ಧದಲ್ಲಿ ಸರ್ಕಾರ ‘ಗೆಲುವಿಗಾಗಿ ಅಗೆಯಿರಿ’ ಎಂದು ಕರೆ ಕೊಟ್ಟಿತು. ಲಂಡನ್ ಟವರಿನ ಕಂದಕದಲ್ಲೂ ತರಕಾರಿ ಬೆಳೆದರು. ಆಗ ಸುಮಾರು 14 ಲಕ್ಷ ಅಲಾಟ್‌ಮೆಂಟುಗಳಿದ್ದವು. ಈಗ ಇರುವುದು ಸುಮಾರು 3 ಲಕ್ಷ 30 ಸಾವಿರ. ಅಂಗಡಿಯ ತರಕಾರಿ ಅಗ್ಗವಾಯಿತು, ಊರು ಬೆಳೆದು ಮನೆಗಳೆದ್ದವು. ಉಳಿದದ್ದಕ್ಕೆ 1925ರ ಕಾಯಿದೆಯ ಕಾವಲಿದೆ. ಅಲಾಟ್‌ಮೆಂಟಿಗೆಂದೇ ಪಡೆದ ನೆಲವನ್ನು ಸ್ಥಳೀಯ ಆಡಳಿತ ಮಂತ್ರಿಯ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ.

ಪಕ್ಕದ ಪ್ಲಾಟಿನ ಹಿರಿಯರು ಜಮೈಕಾದಿಂದ ಅರವತ್ತರ ದಶಕದಲ್ಲಿ ಬಂದು ಬಸ್ಸು ಓಡಿಸಿ ನಿವೃತ್ತರಾದವರು. ನಾನು ಮಡಿ ಮುಗಿಸಿದ ದಿನ ಕಾಗದದಲ್ಲಿ ಒಂದು ಚಿಟಿಕೆ ಬೀಜ ತಂದುಕೊಟ್ಟರು. ಕಲಲೂ ಎಂದರು. ಕಪ್ಪಗೆ, ಸಾಸಿವೆಗಿಂತ ಸಣ್ಣದಾಗಿ ಮಿನುಗುವ ಬೀಜ. ಕೈಯಲ್ಲಿ ಹಿಡಿದ ಕೂಡಲೇ ಗುರುತು ಹತ್ತಿತು. ಹರಿವೆ! ಹರಿವೆಯ ಹತ್ತಿರದ ನಂಟ. ಅಮ್ಮ ಹಿತ್ತಿಲಲ್ಲಿ ಬೂದಿ ಬೆರೆಸಿ ಎರಚುತ್ತಿದ್ದದ್ದು ಇಂಥದನ್ನೇ.

ಅವರ ಮುತ್ತಜ್ಜಿಯ ಕಾಲದ ಮಾತನ್ನೂ ಹೇಳಿದರು. ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರಿಗೆ ಊಟ ಹಾಕುವ ಖರ್ಚು ಉಳಿಸಲು ಮಾಲೀಕರು ದೂರದ ಗುಡ್ಡದಲ್ಲಿ ಕಬ್ಬು ಬಾರದ ತುಂಡು ನೆಲ ಕೊಡುತ್ತಿದ್ದರು. ವಾರದ ಬಿಡುವಿನಲ್ಲಿ ಮೈಲಿಗಟ್ಟಲೆ ನಡೆದು ಹೋಗಿ ಗೆಡ್ಡೆಗೆಣಸು ಬೆಳೆದುಕೊಳ್ಳಬೇಕು. ಹೆಚ್ಚಾದದ್ದನ್ನು ಭಾನುವಾರದ ಸಂತೆಯಲ್ಲಿ ಮಾರಿ ಕಾಸು ಮಾಡಿಕೊಂಡವರಿದ್ದರು. 1838ರಲ್ಲಿ ಪೂರ್ತಿ ಬಿಡುಗಡೆಯಾದಾಗ ಮಾಲೀಕರು ಮಾಡಿದ ಮೊದಲ ಕೆಲಸಗಳಲ್ಲೊಂದು ಅದೇ ತುಂಡುಗಳಿಗೆ ಬಾಡಿಗೆ ಹಾಕಿದ್ದು. ಇಂಗ್ಲೆಂಡಿನ ಕೂಲಿಯವನಿಗೆ ಬೆಳದಿಂಗಳಲ್ಲಿ ಅಗೆಯಲು ಬಿಟ್ಟ ಲೆಕ್ಕವೂ ಇದೂ ಒಂದೇ ಕಾಲದ್ದು. ಗುಲಾಮನ ಪಾಡೂ ಕೂಲಿಯವನ ಪಾಡೂ ಒಂದೇ ಅಲ್ಲ. ಆದರೆ ಎರಡೂ ಕಡೆ ನೆಲ ಕೊಟ್ಟವನು ಮೊದಲು ಅಳೆದದ್ದು ತನಗೆ ಉಳಿಯುವುದೆಷ್ಟು ಎಂಬುದನ್ನು.

ಅವರು ಕಲಲೂ ಹಾಕುವುದನ್ನು ತೋರಿಸಿ, ಮೇ ತಿಂಗಳ ತನಕ ಕಾಯಿ, ಇಲ್ಲಿಯ ಹಿಮಕ್ಕೆ ಇದು ತಡೆಯುವುದಿಲ್ಲ ಎಂದು ಹೇಳಿ ತಮ್ಮ ಮಡಿಗೆ ಹೋದರು.

*

ಇಷ್ಟೆಲ್ಲ ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. ಮಾರ್ಚಿನಲ್ಲಿ ಬೀಗದ ಕೈ ಬಂದ ವಾರವೇ ಊರಿನಿಂದ ಒಂದು ಕಾಗದವೂ ಬಂದಿತ್ತು. 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಬೆಂಗಳೂರಿನವರೊಬ್ಬರು ನಮ್ಮ ಗದ್ದೆ ಕೇಳಿದ್ದಾರೆ, ಒಳ್ಳೆಯ ಬೆಲೆ. ಅಪ್ಪಯ್ಯನಿಗೆ ಎಪ್ಪತ್ತಾರು. ಪಹಣಿಯಲ್ಲಿ ನನ್ನ ಹೆಸರೂ ಇರುವುದರಿಂದ ನನ್ನ ಸಹಿ ಬೇಕು. ಕಾಗದ ಮೂರು ವಾರದಿಂದ ಮೇಜಿನ ಮೇಲಿದೆ.

ಕಳೆದ ಭಾನುವಾರ ಫೋನಿನಲ್ಲಿ ಕೇಳಿದೆ, “ಮಾರದೇ ಇದ್ದರೆ ಏನು ಮಾಡೋದು ಅಪ್ಪಯ್ಯ?”

“ನೀನು ಬಂದು ಗೇಯ್ತೀಯಾ?”

ನಾನು ಸುಮ್ಮನಿದ್ದೆ. ಅವರೇ ಮುಂದುವರಿಸಿದರು. ಆಚೆಮನೆಯ ಹುಡುಗ ಕೇಳುತ್ತಿದ್ದಾನೆ. ಅವನಿಗೆ ಬಿಡಬಹುದು. ಆದರೆ ಕಾಯಿದೆ ಪ್ರಕಾರ ಗೇಣಿಗೆ ಕೊಡುವ ಹಾಗಿಲ್ಲವಲ್ಲ. ಬಾಯಿಮಾತಿನಲ್ಲೇ ಆಗಬೇಕು, ಬರವಣಿಗೆಯಿಲ್ಲದೆ.

ಅಲ್ಲಿಗೆ ವಿಷಯ ನನ್ನ ಮುಂದೆ ಬಂದು ನಿಂತಿತು. ಯಾವ ಗೇಣಿಯಿಂದ ಬಿಡಿಸಿಕೊಳ್ಳಲು ಅಜ್ಜ ಹೆಬ್ಬೆಟ್ಟು ಒತ್ತಿದರೋ, ಅವರ ಮೊಮ್ಮಗ ಇಲ್ಲಿ ಮೂರು ವರ್ಷ ಸರತಿ ನಿಂತು ಗೇಣಿದಾರನಾದ. ಅದೇ ಮೊಮ್ಮಗ ಅಲ್ಲಿ ಗೇಣಿ ತೆಗೆದುಕೊಳ್ಳುವ ಒಡೆಯನಾಗಲಿದ್ದಾನೆ. ಇಲ್ಲಿ ನನ್ನ ಕೈಯಲ್ಲಿ ನಾಲ್ಕು ಪುಟದ ಕರಾರಿದೆ, ನೋಟಿಸಿಲ್ಲದೆ ಯಾರೂ ನನ್ನನ್ನು ಎಬ್ಬಿಸಲಾರರು. ಆಚೆಮನೆಯ ಹುಡುಗನ ಕೈಯಲ್ಲಿ ಏನಿರುತ್ತದೆ? ಮಾತನಾಡಿದರೆ ಮುಂದಿನ ವರ್ಷ ಗದ್ದೆ ಇಲ್ಲ.

“ಈ ವರ್ಷ ಮಾರೋದು ಬೇಡ,” ಎಂದೆ. “ಆ ಹುಡುಗ ಗೇಯಲಿ. ಗೇಣಿ ಅಂತ ಏನೂ ಬೇಡ. ಮಳೆಗಾಲ ಮುಗಿಯುವಾಗ ಬರ್ತೀನಿ. ಆಗ ಅವನನ್ನೂ ಕೂರಿಸಿಕೊಂಡು ಮಾತಾಡೋಣ. ಎಷ್ಟು ಬೆಳೆದ, ಎಷ್ಟು ಖರ್ಚಾಯ್ತು, ಅವನೇ ಹೇಳಲಿ.”

“ಅಳತೆ ಅವನದೇ ಆಗಲಿ ಅಂತೀಯಾ?”

“ಹೌದು.”

ಅಪ್ಪಯ್ಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಅಜ್ಜಿಯ ಕಾಲದ ಮೂರು ಸೇರಿನ ಕೊಳಗ ಇನ್ನೂ ಅಟ್ಟದ ಮೇಲಿದೆ, ಬೇಕಾದರೆ ಇಳಿಸಿಡುತ್ತೇನೆ ಎಂದರು. ನನ್ನ ಮಡಿಯಲ್ಲಿ ಏನು ಹಾಕಿದೆ ಎಂದು ಕೇಳಿದರು. ಆಲೂಗಡ್ಡೆ ಎರಡು ಸಾಲು, ಈರುಳ್ಳಿ ಒಂದು ಸಾಲು, ಮೇ ತಿಂಗಳಿಗೆ ಹರಿವೆ ಎಂದೆ. ಗರಿಕೆಯ ಬೇರನ್ನು ತಿಪ್ಪೆಗೆ ಹಾಕಬೇಡ, ಬಿಸಿಲಲ್ಲಿ ಪೂರಾ ಒಣಗಿಸಿ ಸುಡು ಎಂದರು. ಇಲ್ಲಿ ಅಂಥ ಬಿಸಿಲೆಲ್ಲಿ ಎಂದು ಹೇಳಹೊರಟವನು ಹೂಂ ಎಂದೆ.

ಇನ್ನೂ ಮುಕ್ಕಾಲು ಗುಂಟೆ ಅಗೆಯುವುದಿದೆ.